ಬಿದಿರನ್ನು ಒಳಗೇ ಬಿಟ್ಟ ದುಗ್ಗಪ್ಪ

ನಾನು ಹಾಲಾಡಿ ಪೇಟೆಯಲ್ಲಿ ಕಬ್ಬಿಣದ ರಾಡು ಮಾರುವವನು. ನನ್ನ ಹೆಂಡತಿ ಸೌಜನ್ಯಳ ಅಪ್ಪ ದುಗ್ಗಪ್ಪ, ಕಾಂಕ್ರೀಟಿಗೆ ಕಬ್ಬಿಣವೇ ಬೇಡ, ಬಿದಿರು ಸಾಕು ಎನ್ನುವವರು. ಅಂಥ ಮನೆಯಿಂದ ಹೆಣ್ಣು ತಂದವನಿಗೆ ಬೇರೆ ಶತ್ರುಗಳ ಅಗತ್ಯವಿಲ್ಲ. ಆದರೂ ಅವರ ಬಗ್ಗೆ ಬರೆಯಬೇಕಾದವನು ನಾನೇ. ಯಾಕೆಂದರೆ ಅವರ ಬಿದಿರಿನ ಮೇಲೆ ಹೇರಿದ ಕಬ್ಬಿಣವೆಲ್ಲ ನನ್ನ ಅಂಗಡಿಯದು.

ಹೆಣ್ಣು ನೋಡಲು ಹಟ್ಟಿಯಂಗಡಿ ಹತ್ತಿರದ ಅವರ ಮನೆಗೆ ಹೋದ ದಿನ ಬೇರೆಯವರಾದರೆ ಸಂಬಳ, ಜಾತಕ, ಕುಡಿತದ ಅಭ್ಯಾಸ ಕೇಳುತ್ತಿದ್ದರು. ದುಗ್ಗಪ್ಪ ಮಾವ ಕೇಳಿದ್ದು ಒಂದೇ.

“ನಿಮ್ಮ ರಾಡಿಗೆ ತುಕ್ಕ್ ಹಿಡಿತ್ತಾ?”

“ಮಳೆಗೆ ಬಿಟ್ರೆ ಹಿಡಿತ್ತ್” ಅಂದೆ.

“ಬಿದ್ರಿಗೆ?”

“ಇಲ್ಲೆ.”

ಮಾವ ಒಳಗೆ ತಿರುಗಿ ಕೂಗಿದರು: “ಚಂದ್ರಾವತೀ, ಗಂಡಿಗೆ ಬುದ್ಧಿ ಇತ್ತ್. ಹೆಣ್ಣ್ ಕೊಡ್ಲಕ್ಕ್. ಚಾ ತಕಂಡ್ ಬಾ.”

ಅತ್ತೆ ಚಂದ್ರಾವತಿ ಚಹಾ ತಂದು ಕೊಡುವಾಗ ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. ಅದರ ಅರ್ಥ ಮದುವೆಯಾದ ಮೇಲೆ ತಿಳಿಯಿತು.

ಮಾವ ಮೂವತ್ತೈದು ವರ್ಷ ಸೆಂಟ್ರಿಂಗ್ ಮೇಸ್ತ್ರಿಯಾಗಿದ್ದರು. ಸ್ಲ್ಯಾಬು ಹಾಕುವಾಗ ಹಸಿ ಕಾಂಕ್ರೀಟು ಕೆಳಗೆ ಬೀಳದ ಹಾಗೆ ಹಲಗೆ ಹಾಸಿ, ಹಲಗೆಯ ಅಡಿಗೆ ಸಾಲಾಗಿ ಕಂಬ ಕೊಟ್ಟು ನಿಲ್ಲಿಸುವ ಕೆಲಸ ಅದು. ಅವರ ಕಂಬಗಳೆಲ್ಲ ಬಿದಿರು. ಬ್ರಹ್ಮಾವರದಿಂದ ಬಿಜೂರಿನವರೆಗೆ ಅವರ ಬಿದಿರು ಹೊತ್ತ ಮನೆಗಳನ್ನು ಎಣಿಸಿದರೆ ಒಂದು ಪಂಚಾಯತಿ ಮಾಡಬಹುದು. ಕಾಂಕ್ರೀಟು ಗಟ್ಟಿಯಾದ ಮೇಲೆ ಬಿದಿರನ್ನು ಕಿತ್ತು ಹೊರಗೆ ರಾಶಿ ಹಾಕುತ್ತಾರೆ. ಮಾವನ ಜೀವಮಾನದ ಸಿಟ್ಟು ಹುಟ್ಟಿದ್ದು ಈ ರಾಶಿಯ ಎದುರು.

“ಇಪ್ಪತ್ತೊಂದ್ ದಿವ್ಸ ಇಡೀ ಮನಿ ಹೊತ್ತದ್ದ್ ಯಾರ್? ಬಿದ್ರ್. ಮನಿ ಒಕ್ಲಿನ ಊಟಕ್ಕ್ ಬಂದವ್ರ್ ಹೊಗಳುದ್ ಎಂತದನ್ನ? ಕಬ್ಬಿಣವನ್ನ! ಬಿದ್ರ್ ಆಗ್ಳಿಕೆ ಬಚ್ಚಲ ಒಲಿಗೆ ಹೋಯಿರತ್ತ್.”

ಇದನ್ನು ಅವರು ನನ್ನ ಎದುರು ಹೇಳುವಾಗ ಆ ಕಬ್ಬಿಣವನ್ನು ನಾನೇ ಹೊಟ್ಟೆಯಲ್ಲಿಟ್ಟುಕೊಂಡು ಹುಟ್ಟಿದ ಹಾಗೆ ದಿಟ್ಟಿಸುತ್ತಿದ್ದರು.

ಕೆಲಸದಲ್ಲಿ ಅವರದೊಂದು ಪದ್ಧತಿ ಇತ್ತು. ಕಂಬ ಬಿಚ್ಚುವ ದಿನ ಎಲ್ಲರನ್ನೂ ಹೊರಗೆ ಕಳಿಸಿ, ಕೊನೆಯ ಕಂಬವನ್ನು ತಾವೇ ಹೊಡೆದು ಉರುಳಿಸುವುದು. ಆಮೇಲೆ ಸ್ಲ್ಯಾಬಿನ ನಟ್ಟನಡುವಿನ ಅಡಿಗೆ ಕುಕ್ಕರಗಾಲಲ್ಲಿ ಕೂತು ಎಲೆಯಡಿಕೆಯ ಒಂದು ಕವಳ ಹಾಕುವುದು. ಕವಳ ಮುಗಿದು ಮೇಸ್ತ್ರಿ ಜೀವಂತ ಹೊರಗೆ ಬಂದರೆ ಸ್ಲ್ಯಾಬು ಪಾಸು. ಒಮ್ಮೆ ಯಾಕೆ ಹೀಗೆ ಎಂದು ಕೇಳಿದ್ದೆ.

“ಕಟ್ಟಿದವ ಮೊದ್ಲ್ ಅಡಿಗ್ ಕೂಕಣ್ಕ್. ಇಲ್ದಿರೆ ಆ ಮನಿಯವ್ರ್ ಅಡಿಗ್ ಮಲ್ಕಂಬುದ್ ಹ್ಯಾಂಗೆ?” ಅಂದರು.

ಆಮೇಲೆ ಕಬ್ಬಿಣದ ಜಾಕುಗಳು ಬಂದವು. ಕಂಬವೂ ಕಬ್ಬಿಣ, ಹಲಗೆಯೂ ಕಬ್ಬಿಣ. ತಿರುಗಿಸಿದರೆ ಏರುತ್ತದೆ, ತಿರುಗಿಸಿದರೆ ಇಳಿಯುತ್ತದೆ. ದುಗ್ಗಪ್ಪ ಮೇಸ್ತ್ರಿಯನ್ನು ಕರೆಯುವವರು ಕಡಿಮೆಯಾದರು. ಬೇರೆಯವರಾಗಿದ್ದರೆ ದೇವಸ್ಥಾನದ ಕಟ್ಟೆಯ ಮೇಲೆ ಕೂತು ಕಾಲವನ್ನು ಬೈಯುತ್ತಿದ್ದರು. ಮಾವ ಮಾತ್ರ, ಬಿದಿರನ್ನು ಹೊರಗೆ ಹಾಕಿದರೆ ತಾನೇ ಕಿತ್ತು ಬಿಸಾಡುವುದು, ಕಾಂಕ್ರೀಟಿನ ಒಳಗೇ ಬಿಟ್ಟರೆ ಯಾವನು ಕೀಳುತ್ತಾನೆ ನೋಡೋಣ ಎಂದು ಹೊರಟರು. ಕಿತ್ತವನು ಸಿಕ್ಕಿದ. ಅದೂ ನಾಲ್ಕು ಕಾಲಿನವನು.

ನಮ್ಮ ಕಡೆ ಬಿದಿರಿನ ವಿಷಯದಲ್ಲಿ ಎರಡು ನಿಯಮ. ಅಮಾವಾಸ್ಯೆ ಹತ್ತಿರವಾದಾಗ ಕಡಿಯಬೇಕು. ಕಡಿದದ್ದನ್ನು ಹೊಳೆಯಲ್ಲಿ ಕಲ್ಲು ಹೇರಿ ನಲವತ್ತು ದಿನ ಮುಳುಗಿಸಿಡಬೇಕು. ಹಾಗೆ ಮಾಡಿದ ಬಿದಿರಿಗೆ ಕುಟ್ಟೆಹುಳ ಹಿಡಿಯುವುದಿಲ್ಲ. ಬೇಲಿಗೆ, ಹಟ್ಟಿಗೆ, ಚಪ್ಪರಕ್ಕೆ ಇದು ಅಜ್ಜಂದಿರು ಕಂಡುಕೊಂಡ ಸತ್ಯ. ಮಾವ ಆ ಸತ್ಯವನ್ನು ಹಾಗೆಯೇ ಕಾಂಕ್ರೀಟಿಗೆ ತಂದರು. ನಲವತ್ತು ದಿನ ನೆನೆದು ಉಬ್ಬಿದ ಬಿದಿರನ್ನು ಹೊಳೆಯಿಂದ ಎತ್ತಿ, ನೀರು ಸೋರುತ್ತಿದ್ದ ಹಾಗೆಯೇ ಅಚ್ಚಿಗೆ ಹಾಕಿ ಕಾಂಕ್ರೀಟು ಸುರಿದರು. ಜೊತೆಗೆ ಒಳ್ಳೆಯ ಕೆಲಸಗಾರನ ಚಟ ಬೇರೆ. ಗಂಟುಗಳನ್ನೆಲ್ಲ ಕೆತ್ತಿ ಕೆತ್ತಿ ಬಿದಿರನ್ನು ಮಗುವಿನ ಕೆನ್ನೆಯ ಹಾಗೆ ನುಣ್ಣಗೆ ಮಾಡಿದ್ದರು.

ಅದು ಏಳಡಿಯ ಬೆಂಚು. ಅಂಗಳದ ಮಾವಿನಮರದ ಅಡಿಗೆ ಎರಡು ಮುರಕಲ್ಲಿನ ಕಂಬದ ಮೇಲೆ ಕೂರಿಸಿದ್ದರು. ಒಂದು ಬಿದಿರಿನ ತುದಿ ಮಾತ್ರ ಗೇಣಷ್ಟು ಹೊರಗೆ ಚಾಚಿತ್ತು. ಇರಲಿ, ಏನಾದರೂ ಕಟ್ಟಲು ಆಗುತ್ತದೆ ಎಂದು ಬಿಟ್ಟಿದ್ದರು. ಅತ್ತೆ ಅದಕ್ಕೆ ಕರು ಕಟ್ಟಿದರು.

ಮದುವೆಯಾಗಿ ಮೊದಲ ಸಲ ಮಾವನ ಮನೆಗೆ ಹೋಗಿದ್ದೆ. ಹೊಸ ಅಳಿಯ, ಹೊಸ ಬಿಳಿ ಪಂಚೆ, ಕೈಯಲ್ಲಿ ಚಹಾ. ಮಾವ ಮರ್ಯಾದೆಯಿಂದ ಬೆಂಚಿನ ಮೇಲೆ ಕೂರಿಸಿ ಬಿದಿರಿನ ಮಹಿಮೆ ಹೇಳುತ್ತಿದ್ದರು. ಕರು ತಾಯಿಯ ಕೂಗು ಕೇಳಿ ಒಮ್ಮೆ ಜಗ್ಗಿತು. ಬೆಂಚಿನೊಳಗಿಂದ ‘ಸರ್ರ್’ ಎಂದು ಸದ್ದಾಯಿತು. ಕರು ಹಗ್ಗದ ಜೊತೆ ಏಳಡಿಯ ಬಿದಿರನ್ನು ಎಳೆದುಕೊಂಡು ಹಟ್ಟಿಯ ಕಡೆ ಓಡಿತು. ಮಾವ ಬಾಯಿ ತೆರೆದು ಅದರ ಹಿಂದೆಯೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಬೆಂಚು ನಡುವೆ ಮುರಿದು ನಾನು ನೆಲಕ್ಕೆ ಮುಟ್ಟುವವರೆಗೆ. ಪಂಚೆಯ ಮೇಲೆ ಚೆಲ್ಲಿದ ಚಹಾದ ಕಲೆ ಇವತ್ತಿಗೂ ಹೋಗಿಲ್ಲ.

ನೆನೆದಾಗ ಉಬ್ಬಿದ್ದ ಬಿದಿರು ಒಳಗೇ ಒಣಗಿ ಸಪೂರವಾಗಿತ್ತು. ನುಣ್ಣಗಿದ್ದುದರಿಂದ ಹಿಡಿದುಕೊಳ್ಳಲು ಕಾಂಕ್ರೀಟಿಗೆ ಏನೂ ಸಿಗಲಿಲ್ಲ. ಇಷ್ಟು ಮಾವನಿಗೆ ಅರ್ಥವಾಗಲು ಎರಡು ದಿನ ಬೇಕಾಯಿತು. ಆ ಎರಡು ದಿನದಲ್ಲಿ ಅತ್ತೆ ಆ ಕೋಲಿನ ತುದಿಗೆ ಕತ್ತಿ ಕಟ್ಟಿ ದೋಟಿ ಮಾಡಿಕೊಂಡು ನುಗ್ಗೆಕಾಯಿ ಕೊಯ್ಯಲು ಶುರುಮಾಡಿದ್ದರು. ಬಂದವರೆಲ್ಲ “ಒಳ್ಳೆ ದೋಟಿ, ಎಲ್ಲಿ ಸಿಕ್ತ್?” ಎಂದು ಕೇಳಬೇಕು, ಅತ್ತೆ “ನಮ್ಮ ಬೆಂಚಿನ ಹೊಟ್ಟೆಯಲ್ಲ್” ಎನ್ನಬೇಕು. ಮಾವ ಆ ದೋಟಿಯನ್ನು ಒಲೆಗೆ ಹಾಕಲು ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಅತ್ತೆ ಒಲೆಯ ಬಾಯಿಂದ ಎಳೆದುಕೊಂಡರು.

ಮುಂದಿನ ದಾರಿ ಅವರಿಗೆ ಹೊಳೆದದ್ದು ಊಟದ ತಟ್ಟೆಯಲ್ಲಿ. ಗಂಗೊಳ್ಳಿಯಿಂದ ಮೀನು ತರುವ ಬಾಗಿ ಅಂದು ಒಳ್ಳೆಯ ಬಂಗುಡೆ ಕೊಟ್ಟಿದ್ದಳು. ಅತ್ತೆ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾಯಿಸಿದ್ದರು. ಮಾವ ಮೀನು ಎತ್ತಿದವರು ಬಾಯಿಗಿಡಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದರು. ಉಗುರಿನಿಂದ ರವೆ ಕೆರೆದರು. ಬರಲಿಲ್ಲ.

“ಹಸಿ ಮಸಾಲಿ ಇಪ್ಪತಿಗೆ ರವೆ ಹಾಕ್ರೆ ಬಿಡುದಿಲ್ಲೆ ಅಲ್ದಾ?” ಎಂದು, ಮಸಾಲೆ ಹಸಿ ಇರುವಾಗಲೇ ಹಾಕಿದ ರವೆ ಬಿಡದ ಗುಟ್ಟು ಕೇಳಿದರು.

“ಉಂಡ್ ಏಳಿ. ಮೀನಿಗೆಲ್ಲ ಪರೀಕ್ಷಿ ಬ್ಯಾಡ” ಅಂದರು ಅತ್ತೆ.

ಮರುದಿನ ಬಾಗಿ ಬಂದಾಗ ಮಾವ ಮೀನಿನ ಬದಲು ದೋಣಿಯ ವಿಚಾರ ತೆಗೆದರು. ಮರದ ದೋಣಿ ಇಡೀ ವರ್ಷ ನೀರಲ್ಲಿದ್ದರೂ ನೀರು ಕುಡಿಯುವುದಿಲ್ಲವಲ್ಲ, ಹೇಗೆ? ಬಾಗಿಯ ಗಂಡ ಕರಿಯ ಗಂಗೊಳ್ಳಿಯಲ್ಲಿ ದೋಣಿ ರಿಪೇರಿ ಮಾಡುವವನು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ ಬಳಿಯುವುದು ಅವನ ಕೆಲಸ. ಬಾಗಿ ಮುಂದಿನ ವಾರ ಮೀನಿನ ಬುಟ್ಟಿಯ ಮೂಲೆಯಲ್ಲಿ ಒಂದು ಡಬ್ಬಿ ಗೇರೆಣ್ಣೆ ತಂದು ಕೊಟ್ಟು, “ಕೈಗ್ ಮುಟ್ಸ್ಕಣ್ಬೇಡಿ” ಎಂದಳು.

ಮಾವ ಕೈಗೆ ಮುಟ್ಟಿಸಿಕೊಂಡರು. ಆ ಕೈಯಲ್ಲೇ ಮುಖ ಒರೆಸಿಕೊಂಡರು. ಮೂರನೆಯ ದಿನ ನಾನು ಹೋದಾಗ ಜಗಲಿಯಲ್ಲಿ ಯಾರೋ ದಪ್ಪ ಮುಖದ ಅಪರಿಚಿತರು ಕೂತಿದ್ದರು. “ಮಾವ ಇಲ್ಯಾ?” ಎಂದು ಅವರನ್ನೇ ಕೇಳಿದೆ. ಅಪರಿಚಿತರು ಕಣ್ಣಿನ ಸಣ್ಣ ಸಂದಿಯಿಂದ ನನ್ನನ್ನು ನೋಡಿ, “ಒಣ್ಗಿದ ಬಿದ್ರ್, ಗಂಟ್ ಕೆತ್ತೂಕಾಗ, ಗೇರೆಣ್ಣೆ ಬಳುಕ್, ಹಸಿ ಇಪ್ಪತಿಗೆ ಹೊಯ್ಗಿಯಲ್ಲ್ ಹೊರಳ್ಸುಕ್” ಎಂದು ಮಂತ್ರದ ಹಾಗೆ ಹೇಳಿದರು. ಮುಖ ಹಾಗೆ ಊದಿಕೊಂಡಿದ್ದರೂ ಅಷ್ಟು ಖುಷಿಯಲ್ಲಿದ್ದ ಮನುಷ್ಯನನ್ನು ನಾನು ಕಂಡಿಲ್ಲ.

ಎರಡನೆಯ ಬೆಂಚು ಹಾಗೆ ಹುಟ್ಟಿತು. ನೆನೆಸಿ, ಆಮೇಲೆ ಮೂರು ತಿಂಗಳು ನೆರಳಲ್ಲಿ ಒಣಗಿಸಿ, ಎಣ್ಣೆ ಬಳಿದು, ಮರಳಿನಲ್ಲಿ ಬಂಗುಡೆಯ ಹಾಗೆ ಹೊರಳಿಸಿದ ಬಿದಿರು. ಕರುವನ್ನು ಕಟ್ಟಿದರು, ದನವನ್ನು ಕಟ್ಟಿದರು, ಕೊನೆಗೆ ನನ್ನ ಜೀಪಿಗೆ ಹಗ್ಗ ಹಾಕಿ ಎಳೆಸಿದರು. ಬೆಂಚೇ ಕಂಬದಿಂದ ಜಾರಿ ಬಂತೇ ಹೊರತು ಬಿದಿರು ಬರಲಿಲ್ಲ. ಆದರೆ ಆ ಬೆಂಚಿನ ಮೇಲೆ ನಾನು ಕೂರಲಿಲ್ಲ. ಅತ್ತೆಯೂ ಕೂರಲಿಲ್ಲ. ಬೆಕ್ಕು ಮಲಗುತ್ತಿತ್ತು.

ಇನ್ನು ಸಂಕದ, ಅಂದರೆ ಕಿರುಸೇತುವೆಯ ವಿಷಯ. ಮಾವನ ಮನೆ ಇರುವುದು ತೋಡಿನ ಆಚೆ ದಡದಲ್ಲಿ, ಒಟ್ಟು ಎಂಟು ಮನೆ. ಮಳೆಗಾಲದಲ್ಲಿ ತೋಡು ತುಂಬಿದರೆ ರಸ್ತೆಯ ಸೇತುವೆಗೆ ಎರಡು ಮೈಲಿ ಸುತ್ತು. ಅಡ್ಡ ದಾಟಲು ಇದ್ದದ್ದು ಎರಡು ತೆಂಗಿನ ದಿಮ್ಮಿಯ ಕಾಲುಸಂಕ. ಒಂದು ಆಷಾಢದಲ್ಲಿ ಬಾಗಿ ಅದರ ಮೇಲೆ ಜಾರಿದಳು. ಪುಣ್ಯಕ್ಕೆ ದಿಮ್ಮಿಯನ್ನು ತಬ್ಬಿಕೊಂಡು ಉಳಿದಳು. ಬುಟ್ಟಿಯ ಬೈಗೆ ಮೀನು ಮಾತ್ರ ಬಂದ ದಾರಿಯಲ್ಲೇ ಸಮುದ್ರಕ್ಕೆ ವಾಪಸು ಹೋಯಿತು. ಅಂದಿನಿಂದ ಅವಳು ಈಚೆ ದಡದಲ್ಲೇ ನಿಂತು ಕೂಗುವವಳು.

“ಹ್ವಾಯ್! ಮೀನ್ ಬೇಕಾರೆ ಈಚಿಗ್ ಬನ್ನಿ! ನಾ ಆ ದಿಮ್ಮಿ ಮೇಲ್ ಕಾಲ್ ಇಡುದಿಲ್ಲೆ. ನಂಗ್ ಇಪ್ಪುದ್ ಒಂದೇ ಸೊಂಟ!”

ಪಂಚಾಯತಿಗೆ ಅರ್ಜಿ ಹೋಗಿತ್ತು. ನಮ್ಮ ತಾಲೂಕಿನಲ್ಲಿ ಕಾಲುಸಂಕ ಬೇಡುವವರ ಸಾಲು ಉದ್ದ. ಇವರದು ಮೂವತ್ತನೆಯದೋ ಏನೋ. ಮಾವ ಸಾಲಿನಲ್ಲಿ ನಿಲ್ಲುವವರಲ್ಲ. ಮುಂದಿನ ಬೇಸಗೆಯಲ್ಲಿ ಎಂಟು ಮನೆಯವರನ್ನೂ ಸೇರಿಸಿ ಎರಡು ದಡಕ್ಕೆ ಮುರಕಲ್ಲು ಕಟ್ಟಿಸಿ, ಹನ್ನೆರಡಡಿ ಉದ್ದ, ಮೂರಡಿ ಅಗಲದ ಕಾಂಕ್ರೀಟು ಸಂಕ ಹಾಕಿದರು. ಒಳಗೆ ಪೂರ್ತಿ ಬಿದಿರು. ನಾನು ರಾಡು ಸುಮ್ಮನೆ ಕೊಡುತ್ತೇನೆ ಎಂದರೂ ಕೇಳಲಿಲ್ಲ. ಕಂಬ ಬಿಚ್ಚಿದ ದಿನ ಅಡಿಗೆ ಕೂತು ಕವಳ ಹಾಕಿ, ಮೇಲೆ ಬಂದು, ಬಾಗಿಗೆ ಕೈ ಮಾಡಿ ಕರೆದರು. ಬಾಗಿ ಬುಟ್ಟಿ ಹೊತ್ತು ದಾಟಿದಳು.

ದಾಟದವರು ಒಬ್ಬರೇ, ಅತ್ತೆ. ಎರಡು ವರ್ಷ ಅವರು ಹಾಲಿನ ಸೊಸೈಟಿಗೂ ದೇವಸ್ಥಾನಕ್ಕೂ ಸುತ್ತು ಬಳಸಿಯೇ ಹೋದರು.

“ಕರು ಎಳ್ದದ್ದನ್ನ ನಾ ನನ್ ಕಣ್ಣಾರೆ ಕಂಡಿದೆ” ಎನ್ನುವರು. ಊರೆಲ್ಲ ದಾಟಿದರೂ ಮನೆಯವಳು ದಾಟದ ಸಂಕ ಮಾವನಿಗೆ ಎಷ್ಟು ನೋಯುತ್ತಿತ್ತೋ, ಅದನ್ನು ತೋರಿಸುತ್ತಿರಲಿಲ್ಲ.

ಈಗ ನನ್ನ ಪಾಪ ಹೇಳಬೇಕು. ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ ರಾಡು ಸಾಕು ಎಂದು ಚೌಕಾಸಿ ಮಾಡಿದಾಗಲೆಲ್ಲ ನಾನು ತಮಾಷೆಗೆ, “ಹಂಗಾರೆ ನಮ್ಮ ಮಾವನತ್ರ ಹೋಯ್ನಿ, ಅವ್ರ್ ಒಂದೂ ರಾಡ್ ಇಲ್ದೆ ಸಂಕವೇ ಕಟ್ಟಿದ್ರ್” ಎನ್ನುತ್ತಿದ್ದೆ. ಗಿರಾಕಿ ನಗುತ್ತಿದ್ದ, ನಾನೂ ನಗುತ್ತಿದ್ದೆ. ಆಡಿದ ಮಾತು, ಒಡೆದ ಮುತ್ತು. ಈ ನಗೆ ಸುತ್ತಿ ಸುತ್ತಿ ತಾಲೂಕು ಕಚೇರಿ ಮುಟ್ಟಿತು. ಈ ವರ್ಷ ಮೇ ತಿಂಗಳಲ್ಲಿ ಮಾವನಿಗೆ ಕಾಗದ ಬಂತು: ಸಾರ್ವಜನಿಕ ತೋಡಿನ ಮೇಲೆ ಕಬ್ಬಿಣವಿಲ್ಲದ ಸಂಕ ಇರುವುದಾಗಿ ತಿಳಿದುಬಂದಿದೆ, ಭಾರ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಮಳೆಗಾಲಕ್ಕೆ ಮೊದಲು ಒಡೆಯತಕ್ಕದ್ದು.

ಪರೀಕ್ಷೆಗೆ ಬಂದವರು ಬ್ರಹ್ಮಾವರ ಕಡೆಯ ಧನ್ಯಶ್ರೀ ಎಂಬ ಇಂಜಿನಿಯರ್ ಹುಡುಗಿ. ಸಣ್ಣ ಪ್ರಾಯ, ದೊಡ್ಡ ಟೋಪಿ, ಕೈಯಲ್ಲಿ ಅಳತೆಯ ಸಾಮಾನು. ಸಂಕದ ಮೇಲೆ ಸಾವಿರದ ಏಳುನೂರು ಕಿಲೋ ಹೇರಿ ಒಂದು ದಿನ ಬಿಡಬೇಕು, ನಡು ಎಷ್ಟು ಬಾಗಿತು ನೋಡಬೇಕು, ಭಾರ ತೆಗೆದ ಮೇಲೆ ಮುಕ್ಕಾಲು ಪಾಲಾದರೂ ಮೇಲೆ ಬರಬೇಕು. ಇಷ್ಟು ಅವರ ಲೆಕ್ಕ.

“ಅಷ್ಟ್ ಭಾರ ಎಲ್ಲಿಂದ ತಪ್ಪುದ್?” ಎಂದು ನೆರೆಯವರು ಕೇಳಿದರು.

ಮಾವ ನನ್ನನ್ನು ನೋಡಿದರು. “ಸಂಕಕ್ಕೆ ಕಬ್ಬಿಣ ಹಾಕ್ಕ್, ಹಾಕ್ಕ್ ಅಂತಿದ್ರಿ ಅಲೆ ಅಳಿಯಂದಿರೆ? ಈಗ ಹಾಕಿ. ಮೇಲಿಂದ ಹಾಕಿ.”

ಆಮೇಲೆ ಧನ್ಯಶ್ರೀಯ ಎದುರೇ ನಿಂತು ಹೇಳಿದರು: “ಅಮ್ಮ, ಇದ್ ಬಿದ್ರೆ ನಾ ಇನ್ ಜನ್ಮದಲ್ಲ್ ಬಿದ್ರ್ ಮುಟ್ಟುದಿಲ್ಲೆ. ನಮ್ಮ ಅಳಿಯನ ಅಂಗಡಿ ಬಾಗ್ಲಲ್ಲ್ ಕೂಕಂಡ್ ರಾಡಿಗ್ ಕಾವ್ಲ್ ಕಾಯ್ತೆ.”

ಕುಶಾಲಿಗೆ ಹೇಳಿದ್ದಲ್ಲ. ಅವರ ದವಡೆ ಬಿಗಿದಿತ್ತು. ನನಗೆ ಆ ಚಿತ್ರ ಕಣ್ಣಿಗೆ ಬಂತು: ನೀಲಿ ಅಂಗಿ ತೊಟ್ಟು, ಸ್ಟೂಲಿನ ಮೇಲೆ, ರಾಡಿನ ರಾಶಿಗೆ ಬೆನ್ನು ಹಾಕಿ ಕೂತ ದುಗ್ಗಪ್ಪ ಮೇಸ್ತ್ರಿ. ನಾಚಿಕೆಯಾಯಿತು. ಆದರೂ ನಿಜ ಹೇಳುತ್ತೇನೆ, ಲಾರಿಗೆ ರಾಡು ಹೇರಿಸುವಾಗ ಒಂದು ಮೂಲೆಯಲ್ಲಿ, ಮುರಿದರೆ ಮುರಿಯಲಿ, ಈ ಹುಚ್ಚು ಬಿಡಲಿ ಎಂದೇ ಇತ್ತು. ಚಹಾ ಚೆಲ್ಲಿದ ಪಂಚೆ ಅಷ್ಟು ಬೇಗ ಮರೆಯುವುದಿಲ್ಲ.

ಲಾರಿ ಬಂತು. ಹುಡುಗರು ರಾಡಿನ ಕಟ್ಟುಗಳನ್ನು ಸಂಕದ ಉದ್ದಕ್ಕೂ ಮಲಗಿಸತೊಡಗಿದರು. ನಲವತ್ತಡಿಯ ರಾಡನ್ನು ನಡುವೆ ಮಡಚಿದರೆ ಇಪ್ಪತ್ತಡಿ. ಆರೇಳು ಕಟ್ಟು ಇಟ್ಟರೂ ಸಂಕ ಒಂದು ಕೂದಲೆಳೆ ಬಾಗಲಿಲ್ಲ. ನೆರೆಯವರು ಸಿಳ್ಳೆ ಹಾಕಿದರು. ಧನ್ಯಶ್ರೀ ಆಗಷ್ಟೇ ಫೋನಿನಲ್ಲಿ ಯಾರಿಗೋ ಉತ್ತರ ಕೊಡುತ್ತಿದ್ದರು. ಅವರಿಗಿಂತ ಮೊದಲು ಮಾವ ಕೈ ಎತ್ತಿದರು.

“ನಿಲ್ಸಿ! ಇದ್ ಮೋಸ. ರಾಡ್ ಇಪ್ಪತ್ತಡಿ, ಸಂಕ ಹನ್ನೆರಡಡಿ. ರಾಡಿನ ಎರಡೂ ತುದಿ ದಡದ್ ಮೇಲ್ ಕೂಕಂಡಿತ್. ನನ್ ಸಂಕಕ್ಕೆ ಭಾರವೇ ಬರ್ಲಿಲ್ಲೆ.”

ಧನ್ಯಶ್ರೀ ಬಗ್ಗಿ ನೋಡಿ, “ಹೌದಲ್ಲ!” ಎಂದು ಅವರ ಮುಖವನ್ನೇ ನೋಡಿದರು. ಸುಮ್ಮನಿದ್ದಿದ್ದರೆ ಸಂಕ ಒಂದೇ ಗಂಟೆಯಲ್ಲಿ ಪಾಸಾಗುತ್ತಿತ್ತೋ ಏನೋ. ನಾನಾಗಿದ್ದರೆ ಖಂಡಿತ ಸುಮ್ಮನಿರುತ್ತಿದ್ದೆ.

ಉದ್ದದ ರಾಡೆಲ್ಲ ಇಳಿಸಿ, ಲಾರಿ ತಿರುಗಿ ಹಾಲಾಡಿಗೆ ಹೋಗಿ, ಕಂಬಗಳಿಗೆ ಸುತ್ತುವ ರಿಂಗುಗಳ ಮೂಟೆ, ತುಂಡು ರಾಡಿನ ಕಟ್ಟು ಎಲ್ಲ ತಂದು, ಒಂದೊಂದಾಗಿ ತೂಗಿ ಸಂಕದ ಮೇಲೆ ಪೇರಿಸುವಾಗ ಹನ್ನೆರಡು ಗಂಟೆ ದಾಟಿತ್ತು. ಈ ಸಲ ಭಾರ ಬಂತು. ನಡು ಒಂಬತ್ತು ಮಿಲಿಮೀಟರ್ ಬಾಗಿತು. ಸಿಳ್ಳೆ ಹಾಕಿದವರು ಎರಡು ಹೆಜ್ಜೆ ಹಿಂದೆ ಸರಿದರು. ಧನ್ಯಶ್ರೀ, “ನಾಳೆ ಇದೇ ಹೊತ್ತಿನವರೆಗೆ ಹೀಗೇ ಇರ್ಲಿ. ಮೇಲೂ ಅಡಿಗೂ ಯಾರೂ ಹೋಪುಕಾಗ” ಎಂದು ಹೇಳಿ ಎರಡು ದಡಕ್ಕೂ ಕೆಂಪು ಪಟ್ಟಿ ಕಟ್ಟಿ, ಹತ್ತಿರದಲ್ಲೇ ಇನ್ನೊಂದು ಕೆಲಸ ನೋಡಲು ಹೋದರು.

ನಾನು ಲಾರಿಯವನನ್ನು ಕಳಿಸಿ ಬರುವಷ್ಟರಲ್ಲಿ ಮಾವ ಕಾಣಿಸಲಿಲ್ಲ. ಮನೆಯಲ್ಲಿ ಇಲ್ಲ, ಹಟ್ಟಿಯಲ್ಲಿ ಇಲ್ಲ. ಬಾಗಿ ದಡದಲ್ಲಿ ನಿಂತು ಕೆಳಗೆ ಕೈ ತೋರಿಸಿದಳು.

ಒಣಗಿದ ತೋಡಿನ ನಡುವೆ, ಸಂಕದ ನಟ್ಟನಡುವಿನ ಅಡಿಗೆ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಾವ ಕೂತಿದ್ದರು. ತಲೆಗೂ ಸಂಕಕ್ಕೂ ಎರಡು ಗೇಣು ಅಂತರ. ಸಾವಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಮಾವ! ಎಂತ ಮಾಡ್ತಿದ್ರಿ? ಮೇಲ್ ಸಾವ್ರದ ಏಳ್ನೂರ್ ಕಿಲೋ ಇತ್ತ್!”

“ಗೊತ್ತಿತ್ತ್. ತೂಗಿದ್ದ್ ನಾನೇ.”

“ಏಳಿ ಮಾರಾಯ್ರೆ, ನಾ ಕಾಲ್ ಹಿಡ್ಕಂತೆ.”

“ಕಟ್ಟಿದವ ಅಡಿಗ್ ಕೂಕಣ್ದೆ ಯಾವ್ ಸ್ಲ್ಯಾಬ್ ಪಾಸ್ ಆಯಿತ್ ಹೇಳಿ?”

ನಾನು ದಡದ ಮೇಲೆ ಅತ್ತಿಂದಿತ್ತ ಓಡಾಡಿದೆ. ಅಷ್ಟರಲ್ಲಿ ಅತ್ತೆ ಬಂದರು. ಕೈಯಲ್ಲಿ ಗಂಜಿ, ಬಂಗುಡೆಯ ಮುಚ್ಚಿದ ತಟ್ಟೆ, ಗಂಡನಿಗೆ ಊಟ ಕೊಡಲು ಹುಡುಕಿಕೊಂಡು ಬಂದವರು. ಸದ್ಯ, ಇನ್ನು ಇವರು ಬೈದು ಎಬ್ಬಿಸುತ್ತಾರೆ ಎಂದು ಉಸಿರು ಬಿಟ್ಟೆ. ಅತ್ತೆ ಕೆಳಗೆ ನೋಡಿದರು, ಮೇಲಿನ ಕಬ್ಬಿಣ ನೋಡಿದರು, ಗಂಡನನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ತೋಡಿಗೆ ಇಳಿದರು. ಎರಡು ವರ್ಷ ಸಂಕದ ಮೇಲೆ ಕಾಲಿಡದ ಹೆಂಗಸು, ಕೆಂಪು ಪಟ್ಟಿ ಎತ್ತಿ ಅದರ ಅಡಿಗೆ ಹೋಗಿ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

“ಅತ್ತೆ, ನೀವಾರೂ ಹೇಳ್ಕಲೆ!”

“ಎಂತ ಹೇಳುದ್? ಇವ್ರ್ ಒಬ್ರೇ ಹ್ವಾದ್ರೆ ನಾ ಇಲ್ಲ್ ಯಾರಿಗ್ ಬಂಗ್ಡಿ ಕಾಸುದ್?” ಎಂದು ತಟ್ಟೆಯ ಮುಚ್ಚಳ ತೆಗೆದು ಗಂಡನ ಮಡಿಲಿಗಿಟ್ಟರು. “ಬಿಸಿ ಇಪ್ಪತಿಗೆ ಉಣ್ಣಿ.”

ಮಾವ ಎಲೆಯನ್ನು ಹಾಗೇ ಮಡಚಿ ಕಿಸೆಗೆ ಹಾಕಿಕೊಂಡರು. ಅವರ ಕಣ್ಣು ತುಂಬಿದ್ದನ್ನು ನಾನು ದಡದ ಮೇಲಿಂದಲೇ ಕಂಡೆ.

ನನ್ನ ಸ್ಥಿತಿ ಕೇಳಬೇಡಿ. ಬೆಳಿಗ್ಗೆ ಮುರಿದರೆ ಮುರಿಯಲಿ ಎಂದುಕೊಂಡವನು, ಈಗ ಹಟ್ಟಿಯಂಗಡಿ ಗಣಪತಿಗೆ ಹರಕೆಯ ಮೇಲೆ ಹರಕೆ ಹೇಳಿಕೊಳ್ಳುತ್ತಿದ್ದೆ. ದೇವರೇ, ನನ್ನ ಕಬ್ಬಿಣ ಸೋಲಲಿ, ಬಿದಿರು ಗೆಲ್ಲಲಿ. ಯಾವ ರಾಡು ವ್ಯಾಪಾರಿಯೂ ಇಂಥ ಹರಕೆ ಹೊತ್ತಿರಲಿಕ್ಕಿಲ್ಲ. ಮೇಲೆ ನಿಂತು ಹರಕೆ ಹೇಳುವುದು ಸುಲಭ ಎಂದು ಸ್ವಲ್ಪ ಹೊತ್ತಿಗೆ ತೋರಿತು. ನನ್ನ ಬಾಯಿಯಿಂದ ಶುರುವಾದ ಪರೀಕ್ಷೆ, ನನ್ನ ಅಂಗಡಿಯ ಭಾರ, ಕೂತವರು ಮಾತ್ರ ಆ ಇಬ್ಬರು. ಪಂಚೆ ಎತ್ತಿ ಕಟ್ಟಿ ನಾನೂ ಇಳಿದೆ. ಮಾವ ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿ ಜಾಗ ಮಾಡಿಕೊಟ್ಟರು.

ಅತ್ತೆ ತಟ್ಟೆಯಿಂದ ಒಂದು ಬಂಗುಡೆ ಎತ್ತಿ ನನ್ನ ಕೈಗಿಟ್ಟರು. ನಾನು ತಲೆ ತಗ್ಗಿಸಿ, “ಮಾವ, ಕಚೇರಿಗ್ ಸುದ್ದಿ ಹೋದ್ದ್ ನನ್ ಬಾಯಿಂದವೇ” ಅಂದೆ.

“ಗೊತ್ತಿತ್ತ್. ಹಾಲಾಡಿಯಲ್ಲ್ ಹೇಳಿದ್ದ್ ಹಟ್ಟಿಯಂಗಡಿಗೆ ಬಪ್ಪುಕೆ ಬಸ್ ಬೇಕಾ? ಮುಳ್ಳ್ ಕಂಡ್ ತಿನ್ನಿ.”

ಆಗ ಮೇಲಿಂದ ‘ಟಣ್’ ಎಂದು ಸದ್ದಾಯಿತು. ನನ್ನ ಕೈಯ ಮೀನು ನೆಲಕ್ಕೆ ಬಿತ್ತು.

ಮಾವ ತಲೆಯನ್ನೂ ಎತ್ತಲಿಲ್ಲ. “ಅದ್ ನಿಮ್ಮ ಕಬ್ಬಿಣ. ಬಿದ್ರ್ ಸದ್ದ್ ಮಾಡುದಿಲ್ಲೆ” ಎಂದು ಗಂಜಿಗೆ ಕೈ ಹಾಕಿದರು.

ನಮ್ಮ ಊಟದ ಧ್ಯಾನ ತಪ್ಪಿಸಿದ್ದು ಧನ್ಯಶ್ರೀ. ಕೆಲಸ ಮುಗಿಸಿ ಹಿಂದೆ ಬಂದವರು ದಡದಿಂದ ಬಗ್ಗಿ ನೋಡಿ ಕಿರುಚಿದರು: “ನಾ ಸಂಕ ಟೆಸ್ಟ್ ಮಾಡೂಕ್ ಬಂದದ್ದ್, ಹೋಟ್ಲ್ ಓಪನಿಂಗಿಗ್ ಅಲ್ಲ! ಮೂರೂ ಜನ ಈಗ್ಳೇ ಮೇಲ್ ಬನ್ನಿ, ಇಲ್ದಿರೆ ಫೇಲ್ ಅಂದ್ ಬರಿತೆ!” ಫೇಲ್ ಎಂಬ ಮಾತಿಗೆ ಮಾವ ಕುರ್ಚಿ ಸಮೇತ ಎದ್ದರು. ತಟ್ಟೆಯೂ ಖಾಲಿಯಾಗಿತ್ತು.

ಮರುದಿನ ಮಧ್ಯಾಹ್ನ ಭಾರ ಇಳಿಸಿದರು. ಎಂಟು ಮನೆಯವರೂ ದಡದಲ್ಲಿ ನಿಂತಿದ್ದರು. ಧನ್ಯಶ್ರೀ ಅಡಿಗೆ ಇಳಿದು ಅಳೆದರು. ಮತ್ತೊಮ್ಮೆ ಅಳೆದರು. ಒಂಬತ್ತು ಬಾಗಿದ್ದು ಏಳು ಮಿಲಿಮೀಟರ್ ಮೇಲೆ ಬಂದಿತ್ತು. “ನಡ್ಕಂಡ್ ಹೋಪವ್ರಿಗೆ ಮಾತ್ರ. ಗಾಡಿ ಹೋಪುಕಾಗ. ವರ್ಷ ವರ್ಷ ನಾ ಬಂದ್ ಕಾಂತೆ. ಎರಡೂ ಬದಿಗೆ ಹಿಡ್ಕಂಬುಕೆ ಕಬ್ಬಿಣದ ಕಂಬಿ ಹಾಕ್ಕ್” ಎಂದರು.

ಕಬ್ಬಿಣ ಎಂದೊಡನೆ ಎಲ್ಲರೂ ಮಾವನ ಮುಖ ನೋಡಿದರು. ಮಾವ ಉದಾರಿಯಾಗಿದ್ದರು.

“ಹಾಕುವ. ಹಿಡ್ಕಂಬುಕೆ ಅಳಿಯನ ಕಬ್ಬಿಣ, ಹೊರೂಕೆ ನನ್ ಬಿದ್ರ್.”

ಅಷ್ಟು ಹೊತ್ತಿಗೆ ಅತ್ತೆ ಮನೆಯಿಂದ ಬರುತ್ತಿದ್ದರು. ಕೈಯಲ್ಲಿ ಆ ಹಳೆಯ ದೋಟಿ, ಕತ್ತಿ ಬಿಚ್ಚಿದ್ದರು. ಸಂಕದ ತುದಿಯಲ್ಲಿ ನಿಂತು ದೋಟಿಯ ಬುಡದಿಂದ ಒಮ್ಮೆ ಕುಟ್ಟಿ ಸದ್ದು ಕೇಳಿದರು. ಒಂದು ಹೆಜ್ಜೆ. ಮತ್ತೆ ಕುಟ್ಟಿದರು. ಹೀಗೆ ಕುಟ್ಟುತ್ತಾ ಕುಟ್ಟುತ್ತಾ ನಡುವಿಗೆ ಬಂದಾಗ ಕುಟ್ಟುವುದನ್ನು ನಿಲ್ಲಿಸಿ, ದೋಟಿಯನ್ನು ಹೆಗಲಿಗೇರಿಸಿ ನೇರ ನಡೆದು ಈಚೆ ದಡಕ್ಕೆ ಬಂದರು. ಬಾಗಿ ಬುಟ್ಟಿ ಇಳಿಸಿ ಎರಡು ಕೈಯಲ್ಲೂ ಚಪ್ಪಾಳೆ ತಟ್ಟಿದಳು.

ಅತ್ತೆ ದೋಟಿಯನ್ನು ಗಂಡನ ಕೈಗೆ ಕೊಟ್ಟರು. “ತಕಣಿ. ಒಲಿಗ್ ಹಾಕುದಾರೆ ಹಾಕಿ. ಇನ್ ನಾ ಯಾರಿಗೂ ತೋರ್ಸುದಿಲ್ಲೆ.”

ಮಾವ ಅದನ್ನು ಕೈಯಲ್ಲಿ ತಿರುಗಿಸಿದರು. ಗಂಟು ಕೆತ್ತಿದ ನುಣುಪಿನ ಮೇಲೆ ಹೆಬ್ಬೆರಳು ಎಳೆದರು. ಮೂರು ಸಲ ಒಲೆಗೆ ಹಾಕಲು ಹೋದ ಕೋಲು ಅದು.

“ಒಳ್ಳೆ ಬಿದ್ರ್, ಎಂತಕ್ ಸುಡುದ್?” ಎಂದು ತಿರುಗಿ ಅತ್ತೆಯ ಕೈಗೇ ಕೊಟ್ಟರು. “ಕತ್ತಿ ಕಟ್. ನುಗ್ಗಿಕಾಯಿ ಬೆಳ್ದಿತ್.”